ಮಳಗಿಯ ಸುದ್ದಿ ಬರೆಯುವವರಿಗೆ ಸಂಬಳ ಕೊಡುವವರು ಯಾರು?

ಹುಬ್ಬಳ್ಳಿಯಲ್ಲಿ ರಾತ್ರಿ ಅಚ್ಚಾದ ಪತ್ರಿಕೆ ಬೆಳಗಾಗುವಷ್ಟರಲ್ಲಿ ತಡಸ, ಮುಂಡಗೋಡ ದಾಟಿ ಶಿರಸಿ ರಸ್ತೆಯ ಮಳಗಿಗೆ ಬಂದಿರುತ್ತದೆ. ಜಿಲ್ಲಾ ಪುಟ ಬಿಡಿಸಿದರೆ ಗ್ರಾಮಸಭೆಯ ಗಲಾಟೆ, ಭತ್ತದ ಗದ್ದೆಗೆ ಇಳಿದ ಕಾಡಾನೆ, ಸೊಸೈಟಿ ಚುನಾವಣೆ, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದ ಗೌಳಿ ಕುಟುಂಬಗಳ ಮನವಿ, ಟಿಬೆಟನ್ ಕಾಲೊನಿಯ ಒಂದು ಉತ್ಸವ. ಇಷ್ಟನ್ನೂ ಬರೆದವರಲ್ಲಿ ಪತ್ರಿಕೆಯಿಂದ ಬದುಕಿಗೆ ಸಾಲುವಷ್ಟು ತಿಂಗಳ ಸಂಬಳ ಪಡೆಯುವವರನ್ನು ಹುಡುಕಿದರೆ ಒಬ್ಬರೂ ಸಿಗದಿರುವ ದಿನಗಳೇ ಹೆಚ್ಚು.

ಸಿಬ್ಬಂದಿಯನ್ನು ಕಡಿಮೆ ಮಾಡಿ ಹೊರಗಿನ ಬರಹಗಾರರಿಂದಲೇ ಪತ್ರಿಕೆ ನಡೆಸಬಹುದೇ ಎಂಬ ಲೆಕ್ಕಾಚಾರ ದೊಡ್ಡ ಸುದ್ದಿಮನೆಗಳಲ್ಲಿ ಈಗ ಜೋರಾಗಿದೆ. 2020ರ ಕೋವಿಡ್ ವರ್ಷದಲ್ಲಿ ಜಾಹೀರಾತು ಕುಸಿದು ಪುಟಗಳು, ಆವೃತ್ತಿಗಳು, ನೌಕರಿಗಳು ಕಡಿತವಾದ ಮೇಲಂತೂ ಅದು ಬೇಗ ಬೇಗ ಉತ್ತರ ಬೇಡುವ ಪ್ರಶ್ನೆಯಾಗಿದೆ. ಆದರೆ ಉತ್ತರ ಕನ್ನಡದ ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿಗಳ ಮಟ್ಟಿಗೆ ಇದು ಎಂದೋ ತೀರ್ಮಾನವಾಗಿಹೋದ ವಿಚಾರ. ಇಲ್ಲಿ ಪತ್ರಿಕೆಗಳು ನಿಂತಿರುವುದೇ ಹೊರಗಿನವರ ಮೇಲೆ. ಹಾಗಾಗಿ ಈ ಪ್ರಯೋಗದ ಫಲಿತಾಂಶ ನೋಡಬೇಕೆಂದರೆ ಬೇರೆ ದೇಶಗಳ ಅಧ್ಯಯನ ತರಿಸಬೇಕಿಲ್ಲ, ನಮ್ಮ ತಾಲ್ಲೂಕು ಪುಟಗಳನ್ನು ಓದಿದರೆ ಸಾಕು.

ಇದರ ಬೇರು ಹಳೆಯದು. 1930ರ ದಶಕದಲ್ಲಿ ಬೆಳಗಾವಿಯಿಂದ ಹುಬ್ಬಳ್ಳಿಗೆ ಬಂದ ‘ಸಂಯುಕ್ತ ಕರ್ನಾಟಕ’ ಮೊಹರೆ ಹಣಮಂತರಾಯರ ಸಂಪಾದಕತ್ವದಲ್ಲಿ ಉತ್ತರ ಕರ್ನಾಟಕದ ಮನೆಮಾತಾಯಿತು. ಊರೂರಿನ ಬಾತ್ಮೀದಾರರು ಅದಕ್ಕೆ ಸುದ್ದಿ ಕಳಿಸುತ್ತಿದ್ದರು: ಶಾಲಾ ಮಾಸ್ತರರು, ಕಿರಾಣಿ ಅಂಗಡಿಯವರು, ವಕೀಲರು, ಖಾದಿ ಕಾರ್ಯಕರ್ತರು. ಸ್ವಾತಂತ್ರ್ಯ ಮತ್ತು ಏಕೀಕರಣದ ಹುರುಪಿನಲ್ಲಿ ಬರೆದವರಿಗೆ ಪತ್ರಿಕೆಯಲ್ಲಿ ಊರಿನ ಹೆಸರು ಬಂದರೆ ಅದೇ ಸಂಭಾವನೆ. ಸುದ್ದಿಯನ್ನು ಅಂಚೆಗೆ ಹಾಕುವುದು, ತುರ್ತಾದರೆ ತಂತಿ ಕೊಡುವುದು, ಮುಂದೆ ಬಸ್ಸು ಹೆಚ್ಚಾದ ಮೇಲೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ‘ಪ್ರೆಸ್ ಕವರ್’ ಕೊಟ್ಟು ಕಳಿಸುವುದು, ಆಮೇಲೆ ಫ್ಯಾಕ್ಸ್. ಈಗ ಮೊಬೈಲ್ ಒತ್ತಿದರೆ ಸಾಕು.

1999ರಲ್ಲಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಆರಂಭಿಸಿ ಹಲವು ಕೇಂದ್ರಗಳಿಂದ ಅಚ್ಚು ಹಾಕತೊಡಗಿದ ಮೇಲೆ ಕನ್ನಡದಲ್ಲಿ ಜಿಲ್ಲಾ ಪುಟಗಳ ಯುಗ ಬಲವಾಯಿತು. ಮೊದಲು ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಕಾಣುತ್ತಿದ್ದ ಹಳ್ಳಿ ಈಗ ವಾರಕ್ಕೆರಡು ಸಲ ಕಾಣಿಸತೊಡಗಿತು. ಇದು ಸಣ್ಣ ಸಾಧನೆಯಲ್ಲ. ಕಾರವಾರದ ಜಿಲ್ಲಾಧಿಕಾರಿ ಕಚೇರಿಯಿಂದ ನೂರು ಕಿ.ಮೀ.ಗೂ ಆಚೆ ಇರುವ ಊರಿಗೆ ತನ್ನ ಕೊಳವೆಬಾವಿ ಕೆಟ್ಟ ಸಂಗತಿಯನ್ನು ಆಡಳಿತದ ಕಣ್ಣಿಗೆ ತರಲು ಒಂದು ದಾರಿ ಸಿಕ್ಕಿತು. ಆದರೆ ಅಷ್ಟು ಪುಟ ತುಂಬಲು ಬೇಕಾದ ಕೈಗಳಿಗೆ ನೌಕರಿ ಕೊಡುವ ಶಕ್ತಿ ಅಥವಾ ಮನಸ್ಸು ಯಾವ ಸಂಸ್ಥೆಗೂ ಇರಲಿಲ್ಲ. ಪುಟಗಳು ಹೆಚ್ಚಿದಂತೆ ಅರೆಕಾಲಿಕ ವರದಿಗಾರರು ಹೆಚ್ಚಿದರು. ಕೆಲವರಿಗೆ ಕಾಲಂ ಸೆಂಟಿಮೀಟರ್ ಲೆಕ್ಕ, ಕೆಲವರಿಗೆ ತಿಂಗಳಿಗಿಷ್ಟು ಎಂಬ ಗೌರವಧನ, ಕೆಲವರಿಗೆ ಗುರುತಿನ ಚೀಟಿ ಮಾತ್ರ.

ಹಾಗಾದರೆ ಅವರ ಬದುಕು ನಡೆಯುವುದು ಹೇಗೆ? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಕನ್ನಡ ಪತ್ರಿಕೋದ್ಯಮದಲ್ಲಿ ಹೊರಗಿನವರ ಬರಹವನ್ನು ಯಾವಾಗಲೂ ಬೇರೆ ಯಾರದೋ ಹಣ ಸಾಕಿದೆ. ಒಳ್ಳೆಯ ಉದಾಹರಣೆಗಳಿಂದಲೇ ಶುರುಮಾಡೋಣ. ‘ಸುಧಾ’ದಲ್ಲಿ ವರ್ಷಗಟ್ಟಲೆ ಲೋಕದ ವಿದ್ಯಮಾನಗಳನ್ನು ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳಿದ ಎಚ್ಚೆಸ್ಕೆ ಅರ್ಥಶಾಸ್ತ್ರದ ಅಧ್ಯಾಪಕರು. ಅಂಕಣ ಬರಹಗಳ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಹಾ.ಮಾ. ನಾಯಕರು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಮೂಡಿಗೆರೆಯಿಂದ ‘ಲಂಕೇಶ್ ಪತ್ರಿಕೆ’ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರ ಬೆನ್ನಿಗೆ ಕಾಫಿ ತೋಟವಿತ್ತು. ವಿಶ್ವವಿದ್ಯಾನಿಲಯದ ಸಂಬಳವೋ ತೋಟದ ಫಸಲೋ ಅವರ ಸಂಸಾರವನ್ನು ನೋಡಿಕೊಂಡಿತು, ಪತ್ರಿಕೆಗೆ ಅವರ ಬುದ್ಧಿಯ ಫಲ ಸಿಕ್ಕಿತು. ಪುರವಣಿಯ ಮಟ್ಟಿಗೆ ಇದು ಚೆನ್ನಾಗಿಯೇ ನಡೆದ ವ್ಯವಸ್ಥೆ. ಸಿಬ್ಬಂದಿಯಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞ, ಒಬ್ಬ ಯಕ್ಷಗಾನ ವಿಮರ್ಶಕ, ಒಬ್ಬ ಹೃದ್ರೋಗ ತಜ್ಞ ಎಂದು ಯಾವ ಪತ್ರಿಕೆಯೂ ಇಟ್ಟುಕೊಳ್ಳಲಾರದು, ಇಟ್ಟುಕೊಳ್ಳಬೇಕಾಗಿಯೂ ಇಲ್ಲ.

ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಲ್ಲಿ ಹುಟ್ಟಿದ ಈ ಮಾಸಿಕ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ತಾನೇ ಮಾಡಿ ನೋಡಿದ್ದನ್ನು ಕೃಷಿಕ ಬರೆಯಬೇಕು, ಬರೆಯಲು ಬಾರದವರಿಗೆ ಕಮ್ಮಟ ನಡೆಸಿ ಕಲಿಸಬೇಕು ಎಂಬುದು ಅದರ ನಂಬಿಕೆ. ಮುಂಡಗೋಡಕ್ಕೆ ಹತ್ತಿರದ ಧಾರವಾಡದಲ್ಲಿ ಕೃಷಿ ಮಾಧ್ಯಮ ಕೇಂದ್ರ ಇದೇ ಬಗೆಯ ತರಬೇತಿಯನ್ನು ಮುಂದುವರಿಸಿತು. ಶಿರಸಿ ಸೀಮೆಯ ಕಳವೆಯಲ್ಲಿ ಕೂತು ಕಾಡು, ಕೆರೆ, ಮಳೆನೀರಿನ ಬಗ್ಗೆ ಶಿವಾನಂದ ಕಳವೆಯವರು ದಶಕಗಳಿಂದ ಬರೆಯುತ್ತಿರುವುದನ್ನು ಯಾವ ಬ್ಯೂರೊ ವರದಿಗಾರನಿಂದಲೂ ಬರೆಸಲಾಗದು. ಇಂಥ ಬರಹಕ್ಕೆ ಆ ನೆಲದಲ್ಲೇ ಬದುಕಿದ ಕಣ್ಣು ಬೇಕು.

ಆದರೆ ಅನುಭವ ಹಂಚಿಕೊಳ್ಳುವ ಬರಹ ಬೇರೆ, ಯಾರೋ ಮುಚ್ಚಿಡಲು ಬಯಸುವ ಸಂಗತಿಯನ್ನು ಹೊರತೆಗೆಯುವ ವರದಿ ಬೇರೆ. ತನ್ನ ತೋಟದ ಕಾಳುಮೆಣಸಿನ ಬಗ್ಗೆ ಬರೆಯುವ ಕೃಷಿಕನಿಗೆ ಶತ್ರುಗಳಿಲ್ಲ. ಅದೇ ಕೃಷಿಕ ಊರಿನ ಕೆರೆ ಹೂಳೆತ್ತಿದ ಬಿಲ್ಲಿನ ಬಗ್ಗೆ ಬರೆಯಲು ಹೊರಟ ದಿನ ಅವನ ಹಿಂದೆ ನಿಲ್ಲುವವರು ಬೇಕು.

ತಾಲ್ಲೂಕಿನ ಅರೆಕಾಲಿಕ ವರದಿಗಾರನನ್ನು ಸಾಕುವ ಹಣ ಎಲ್ಲಿಂದ ಬರುತ್ತದೆ ನೋಡಿ. ಕೆಲವರಿಗೆ ಅಂಗಡಿ ಇದೆ, ಕೆಲವರಿಗೆ ಗದ್ದೆ, ಕೆಲವರಿಗೆ ಸ್ಟುಡಿಯೊ, ಕೆಲವರಿಗೆ ಪತ್ರಿಕೆಯದೇ ಏಜೆನ್ಸಿ. ಇನ್ನು ಹಲವರಿಗೆ ಮುಖ್ಯ ಆದಾಯ ಜಾಹೀರಾತು ಕಮಿಷನ್. ಆಗಸ್ಟ್ 15, ನವೆಂಬರ್ 1, ದೀಪಾವಳಿ, ಜಾತ್ರೆ, ಶಾಸಕರ ಹುಟ್ಟುಹಬ್ಬಕ್ಕೆಲ್ಲ ಶುಭಾಶಯದ ಜಾಹೀರಾತು ಹಿಡಿಯಬೇಕು. ಅದಕ್ಕೆ ಟಾರ್ಗೆಟ್ ಇರುತ್ತದೆ. ಜಾಹೀರಾತು ಕೊಡುವವರು ಯಾರು? ಗುತ್ತಿಗೆದಾರ, ಸಹಕಾರಿ ಸಂಘದ ಅಧ್ಯಕ್ಷ, ಪಂಚಾಯಿತಿ ಸದಸ್ಯ, ಖಾಸಗಿ ಶಾಲೆಯ ಆಡಳಿತ ಮಂಡಳಿ. ವರ್ಷವಿಡೀ ಯಾರ ಕೆಲಸದ ಮೇಲೆ ಕಣ್ಣಿಡಬೇಕೋ ಅವರ ಬಾಗಿಲಿಗೇ ರಸೀದಿ ಪುಸ್ತಕ ಹಿಡಿದು ಹೋಗಬೇಕು. ಇದರಲ್ಲಿ ವರದಿಗಾರನ ನೈತಿಕತೆಯನ್ನು ಮೊದಲು ಪ್ರಶ್ನಿಸುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಅವನನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ವ್ಯವಸ್ಥೆ. ಹಿಂದಿ ಪತ್ರಿಕೆಗಳ ಹಳ್ಳಿ ವರದಿಗಾರರ ಬಗ್ಗೆ ಪತ್ರಕರ್ತೆ ಸೆವಂತಿ ನೈನನ್ 2007ರಲ್ಲಿ ಪುಸ್ತಕ ಬರೆದಾಗ ಇದೇ ಚಿತ್ರ ಕಂಡಿತ್ತು: ಸುದ್ದಿ, ಪ್ರಸಾರ, ಜಾಹೀರಾತು ಮೂರೂ ಒಬ್ಬನ ಹೆಗಲ ಮೇಲೆ. ‘ಕಾಸಿಗಾಗಿ ಸುದ್ದಿ’ಯ ಹಗರಣ ಎದ್ದಾಗ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರಿದ್ದ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ಸಲ್ಲಿಸಿದ ವರದಿಯೂ ಪತ್ರಕರ್ತರ ಕೆಲಸದ ಭದ್ರತೆಗೂ ಸುದ್ದಿಯ ಪ್ರಾಮಾಣಿಕತೆಗೂ ಇರುವ ನಂಟನ್ನು ಗುರುತಿಸಿತ್ತು.

ಮಳಗಿಯ ಧರ್ಮಾ ಜಲಾಶಯವನ್ನೇ ತೆಗೆದುಕೊಳ್ಳಿ. ಅಣೆಕಟ್ಟೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿದೆ. ಅದರ ನೀರನ್ನು ನಂಬಿಕೊಂಡ ಗದ್ದೆಗಳು ಹೆಚ್ಚಾಗಿ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿವೆ. ಧರ್ಮಾ ನದಿ ಮುಂದೆ ವರದೆಯನ್ನು ಸೇರುತ್ತದೆ, ವರದೆ ತುಂಗಭದ್ರೆಯನ್ನು. ಒಳ್ಳೆಯ ಮಳೆಗಾಲದಲ್ಲಿ ‘ಧರ್ಮಾ ಜಲಾಶಯ ಭರ್ತಿ’ ಎಂಬ ಸುದ್ದಿ ಫೋಟೊ ಸಮೇತ ಬರುತ್ತದೆ. ಬಾಗಿನದ ಸುದ್ದಿ ಬರುತ್ತದೆ. ಬರಗಾಲದಲ್ಲಿ ತಳ ಕಂಡ ನೀರಿನ ಚಿತ್ರ ಬರುತ್ತದೆ. ಇಷ್ಟನ್ನು ಸ್ಥಳೀಯ ವರದಿಗಾರ ತಪ್ಪದೆ, ಸಮಯಕ್ಕೆ ಸರಿಯಾಗಿ, ತನ್ನ ಬೈಕಿಗೆ ತಾನೇ ಪೆಟ್ರೋಲು ಹಾಕಿಕೊಂಡು ಹೋಗಿ ಮಾಡುತ್ತಾನೆ. ಈ ಕೆಲಸಕ್ಕೆ ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ.

ಮುಂದಿನ ಪ್ರಶ್ನೆಗಳು ಬೇರೆ. ಜಲಾಶಯದಲ್ಲಿ ಹೂಳು ಎಷ್ಟು ತುಂಬಿದೆ, ಮೂಲ ಸಾಮರ್ಥ್ಯದಲ್ಲಿ ಎಷ್ಟು ಉಳಿದಿದೆ? ಕಾಲುವೆಯ ಕೊನೆಯ ಗದ್ದೆಗೆ ನೀರು ಯಾವ ವರ್ಷ ತಲುಪಿದೆ, ಯಾವ ವರ್ಷ ಇಲ್ಲ? ಮುಂಡಗೋಡದ ಕಡೆ ಭತ್ತ ಹೋಗಿ ಮೆಕ್ಕೆಜೋಳ, ಶುಂಠಿ, ಅಡಿಕೆ ಬಂದ ಮೇಲೆ ನೀರೆತ್ತುವ ರೀತಿ ಹೇಗೆ ಬದಲಾಯಿತು? ಕಾಲುವೆ ದುರಸ್ತಿಗೆ ಬಂದ ಹಣ ಎಲ್ಲಿಗೆ ಹೋಯಿತು? ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂವತ್ತು ದಿನ ಕಾಯಬೇಕು, ಬಂದ ಕಾಗದಗಳನ್ನು ಓದಿಸಲು ಒಬ್ಬ ಎಂಜಿನಿಯರನ್ನು ಹಿಡಿಯಬೇಕು, ಎರಡು ಜಿಲ್ಲೆಗಳ ಕಚೇರಿ ಅಲೆಯಬೇಕು, ಕೊನೆಗೆ ಬರೆಯಲು ಏನೂ ಸಿಗದೆಯೂ ಹೋಗಬಹುದು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಈ ಎರಡು ತಿಂಗಳ ಕೂಲಿ ಎಷ್ಟು? ಸುದ್ದಿ ಬಾರದಿದ್ದರೆ ಸೊನ್ನೆ. ಬಂದರೂ ಒಂದು ಬಾಗಿನದ ಸುದ್ದಿಗಿಂತ ಬಹಳವೇನೂ ಹೆಚ್ಚಿಲ್ಲ. ಹೀಗಿರುವಾಗ ಯಾವ ಸುದ್ದಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ವರದಿಗಾರನ ಧೈರ್ಯಕ್ಕಿಂತ ಮೊದಲೇ ಸಂಭಾವನೆಯ ಪದ್ಧತಿಯಲ್ಲೇ ನಿರ್ಧಾರವಾಗಿರುತ್ತದೆ.

ಇನ್ನೊಂದು ತೊಡಕೂ ಇದೆ. ಮಳಗಿಯ ವರದಿ ಉತ್ತರ ಕನ್ನಡದ ಪುಟಕ್ಕೆ, ಹಾನಗಲ್ಲಿನ ವರದಿ ಹಾವೇರಿಯ ಪುಟಕ್ಕೆ. ಅಣೆಕಟ್ಟೆಯ ಸುದ್ದಿ ಒಂದು ಪುಟದಲ್ಲಿ, ಅದನ್ನು ಓದಬೇಕಾದ ರೈತರು ಇನ್ನೊಂದರಲ್ಲಿ. ಈಗ ಬೇಡ್ತಿ–ವರದಾ ನದಿ ಜೋಡಣೆಯ ವಿವಾದದಲ್ಲೂ ಹೀಗೇ ಆಗುತ್ತಿದೆ. ಶಿರಸಿ, ಯಲ್ಲಾಪುರದ ಕಡೆಯ ಪುಟದಲ್ಲಿ ಕಾಡು ಮತ್ತು ಹೊಳೆಯ ಆತಂಕ, ಹಾವೇರಿ, ಗದಗದ ಕಡೆಯ ಪುಟದಲ್ಲಿ ನೀರಿನ ನಿರೀಕ್ಷೆ. ತನ್ನ ತಾಲ್ಲೂಕಿನ ಗಡಿಯೊಳಗೆ ದುಡಿಯುವ ಅರೆಕಾಲಿಕ ವರದಿಗಾರ ಎರಡೂ ಕಡೆ ಓಡಾಡಿ ಒಂದೇ ಲೇಖನದಲ್ಲಿ ಇಬ್ಬರ ಮಾತನ್ನೂ ತೂಗಿ ನೋಡುವುದು ಹೇಗೆ? ಹಾಗೆ ಓಡಾಡುವವನಿಗೆ ಯಾರಾದರೂ ಸಂಬಳ, ಓಡಾಟದ ಖರ್ಚು, ಸಮಯ ಮೂರನ್ನೂ ಕೊಟ್ಟಿರಬೇಕು.

ಹಾಗೆ ಸಂಬಳವೂ ಸಮಯವೂ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದೇ ಸೀಮೆಯಲ್ಲಿ ಹಳೆಯ ಉದಾಹರಣೆ ಇದೆ. 1980ರ ಸುಮಾರಿಗೆ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಈ ಭಾಗದ ಜನ ಎದ್ದರು, 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿ ಉಳಿಸುವ ಅಪ್ಪಿಕೋ ಚಳವಳಿ ಶುರುವಾಯಿತು. ಆ ದಶಕದಲ್ಲಿ ಪರಿಸರದ ಪ್ರಶ್ನೆಗಳು ರಾಜ್ಯದ ಓದುಗರ ಮುಂದೆ ಗಂಭೀರವಾಗಿ ಬರಲು ‘ಪ್ರಜಾವಾಣಿ’ಯ ಒಳಗಿದ್ದ, ಶಿರಸಿ ಸೀಮೆಯವರೇ ಆದ ನಾಗೇಶ ಹೆಗಡೆಯಂಥವರು ದೊಡ್ಡ ಕಾರಣ. ನಿವೃತ್ತಿಯ ನಂತರ ಅವರು ಹೊರಗಿನಿಂದ ಬರೆದ ‘ವಿಜ್ಞಾನ ವಿಶೇಷ’ ಅಂಕಣವನ್ನು ನಾವೆಲ್ಲ ಓದಿದ್ದೇವೆ. ಅದನ್ನು ಹೊರಗಿನವರ ಬರಹದ ಯಶಸ್ಸು ಎಂದು ಎಣಿಸುವ ಮೊದಲು, ಆ ಬರಹದ ಹಿಂದೆ ಸುದ್ದಿಮನೆಯ ಸಂಬಳದಲ್ಲಿ ಓದಿದ, ತಿರುಗಿದ, ಪ್ರಶ್ನೆ ಕೇಳಿದ ವರ್ಷಗಳಿವೆ ಎಂಬುದನ್ನು ನೆನೆಯಬೇಕು. ಇವತ್ತಿನ ಉತ್ತಮ ಹವ್ಯಾಸಿ ಪತ್ರಕರ್ತರಲ್ಲಿ ಅನೇಕರು ನಿನ್ನೆಯ ಸಿಬ್ಬಂದಿ. ಸುದ್ದಿಮನೆಯನ್ನೇ ಬರಿದು ಮಾಡಿದರೆ ನಾಳೆಯವರು ಎಲ್ಲಿ ಪಳಗುತ್ತಾರೆ?

ಹೊರಗಿನವರ ಕಣ್ಣು ಎಷ್ಟು ಬೇಗ ಕಾಣಬಲ್ಲದು ಎಂಬುದಕ್ಕೆ ಕಾಸರಗೋಡಿನ ಎಣ್ಮಕಜೆಗಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ, ಅಂಗವಿಕಲ ಕರುಗಳು ಹುಟ್ಟುತ್ತಿರುವುದರ ಬಗ್ಗೆ 1980ರ ದಶಕದ ಆರಂಭದಲ್ಲೇ ಬರೆದವರು ಅಲ್ಲೇ ಕೃಷಿಕರಾಗಿದ್ದ ಶ್ರೀ ಪಡ್ರೆ, ಮುಂದೆ ‘ಅಡಿಕೆ ಪತ್ರಿಕೆ’ಯನ್ನು ಕಟ್ಟಿದವರು. ಆಮೇಲೆ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಮನುಷ್ಯರಲ್ಲಿ ಕಂಡ ರೋಗಗಳ ಬಗ್ಗೆ ಎಚ್ಚರಿಸಿದರು. ಆದರೂ ಆಕಾಶದಿಂದ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಬಳಕೆಗೆ ತಡೆ ಕೊಟ್ಟದ್ದು 2011ರಲ್ಲಿ. ಮೊದಲ ಬರಹಕ್ಕೂ ಕೋರ್ಟಿನ ತಡೆಗೂ ನಡುವೆ ಒಂದು ತಲೆಮಾರು ಬೆಳೆದು ನಿಂತಿತ್ತು. ಒಂಟಿ ಬರಹಗಾರ ಕಂಡದ್ದನ್ನು ಬರೆದ, ತನ್ನ ಕರ್ತವ್ಯ ಮಾಡಿದ. ಆ ಬರಹದ ಬೆನ್ನು ಹತ್ತಿ ಮರುವಾರವೂ ಮರುತಿಂಗಳೂ ಹೋಗಿ, ಇಲಾಖೆಗಳಿಂದ ಉತ್ತರ ಕೇಳಿ, ಮುಖಪುಟದಲ್ಲಿ ಹಾಕುತ್ತಲೇ ಇರುವ ಕೆಲಸವನ್ನು ದೊಡ್ಡ ದಿನಪತ್ರಿಕೆಯೊಂದು ಆಗಲೇ ಕೈಗೆತ್ತಿಕೊಂಡಿದ್ದರೆ ಆ ವರ್ಷಗಳಲ್ಲಿ ಎಷ್ಟೋ ಕಡಿತವಾಗುತ್ತಿತ್ತು ಎಂದು ನಾನು ನಂಬಿದ್ದೇನೆ. ಕಾಣುವುದಕ್ಕೆ ಹಳ್ಳಿಯಲ್ಲಿ ಬದುಕುವ ಕಣ್ಣು ಸಾಕು. ಬೆನ್ನು ಹತ್ತುವುದಕ್ಕೆ ಸಂಸ್ಥೆ ಬೇಕು.

ಕಾನೂನು ಈ ಹೊರಗಿನ ವರದಿಗಾರರನ್ನು ಎಲ್ಲಿ ನಿಲ್ಲಿಸಿದೆ? 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪೂರ್ಣಾವಧಿಯವರ ಜೊತೆಗೆ ಅರೆಕಾಲಿಕರನ್ನೂ ಒಳಗೊಳ್ಳುತ್ತಿತ್ತು. ಆದರೆ ಒಂದು ಷರತ್ತು: ಪತ್ರಿಕೋದ್ಯಮ ಅವರ ಮುಖ್ಯ ವೃತ್ತಿಯಾಗಿರಬೇಕು. ಮುಂಡಗೋಡದ ವರದಿಗಾರ ಇಲ್ಲಿಯೇ ಎಡವುತ್ತಾನೆ. ಪತ್ರಿಕೆ ಹೊಟ್ಟೆಗೆ ಸಾಲುವಷ್ಟು ಕೊಡದ ಕಾರಣ ಅವನು ಅಂಗಡಿ ಇಟ್ಟಿದ್ದಾನೆ, ಅಂಗಡಿ ಇರುವುದರಿಂದ ಪತ್ರಿಕೋದ್ಯಮ ಅವನ ಮುಖ್ಯ ವೃತ್ತಿ ಅಲ್ಲವಾಗುತ್ತದೆ. ಪತ್ರಕರ್ತರ ಸಂಬಳ ನಿಗದಿಗೆ ರಚಿಸಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರ ನವೆಂಬರಿನಲ್ಲಿ ಜಾರಿಗೆ ಬಂತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರಲ್ಲಿ ಗುತ್ತಿಗೆ ನೌಕರರಿಗೂ ಅದು ಅನ್ವಯಿಸುತ್ತದೆ ಎಂದಿತು. ಈ ಯಾವ ತೀರ್ಪೂ ಕಾಲಂ ಸೆಂಟಿಮೀಟರ್ ಲೆಕ್ಕದವನ ಮನೆ ಬಾಗಿಲಿಗೆ ಬಂದಿಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯ್ದೆಯೂ ಲೀನವಾಯಿತು. ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಘೋಷಿಸಿದ್ದು ಒಳ್ಳೆಯದೇ. ಆದರೆ ಇಂಥ ಯಾವ ಸೌಲಭ್ಯಕ್ಕೂ ‘ಇವರು ನಮ್ಮವರು’ ಎಂದು ಸಂಸ್ಥೆ ಬರೆದುಕೊಡಬೇಕು. ಹಾಗೆ ಬರೆದುಕೊಡಲು ಹಿಂಜರಿಯುವ ಸಂಸ್ಥೆಯ ವರದಿಗಾರ ಹೋಗುವುದೆಲ್ಲಿಗೆ?

ಮಾನನಷ್ಟ ಮೊಕದ್ದಮೆ ಬಿದ್ದಾಗ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ನಮ್ಮಲ್ಲಿ ಮಾನನಷ್ಟ ಇಂದಿಗೂ ಕ್ರಿಮಿನಲ್ ಅಪರಾಧ. ಸಂಬಳದ ವರದಿಗಾರನಿಗೆ ಸಂಸ್ಥೆಯ ವಕೀಲರು ಇರುತ್ತಾರೆ. ಸ್ಥಳೀಯ ವರದಿಗಾರನಿಗೆ ಆ ಭರವಸೆ ಕಾಗದದ ಮೇಲೆ ಇಲ್ಲ. ಅವನ ಮಗಳು ಓದುವ ಶಾಲೆ, ಅವನ ಪಹಣಿ ತಿದ್ದಬೇಕಾದ ಕಚೇರಿ, ಅವನ ಸಾಲ ಇರುವ ಸೊಸೈಟಿ ಎಲ್ಲವೂ ಅದೇ ಊರಿನಲ್ಲಿವೆ. ಸಿಬ್ಬಂದಿ ವರದಿಗಾರನಾದರೆ ಬರೆದು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾನೆ. ಇವನು ಬರೆದು ಅಲ್ಲೇ ಬದುಕಬೇಕು. ಛತ್ತೀಸಗಢದ ಬಸ್ತಾರ್ ಸೀಮೆಯ ಬಿಜಾಪುರದಲ್ಲಿ ರಸ್ತೆ ಕಾಮಗಾರಿಯ ಭ್ರಷ್ಟಾಚಾರ ಬಯಲಿಗೆ ತಂದ ಹವ್ಯಾಸಿ ಪತ್ರಕರ್ತ ಮುಕೇಶ್ ಚಂದ್ರಾಕರ್ ಅವರ ಶವ 2025ರ ಜನವರಿಯಲ್ಲಿ ಶೌಚಗುಂಡಿಯಲ್ಲಿ ಸಿಕ್ಕಿತು. ನಮ್ಮ ಜಿಲ್ಲೆಗಳು ಬಸ್ತಾರ್ ಅಲ್ಲ ನಿಜ. ಆದರೆ ಗುತ್ತಿಗೆದಾರನ ವಿರುದ್ಧ ಒಂಟಿಯಾಗಿ ಬರೆಯುವವನ ಭಯ ಎಲ್ಲ ಕಡೆಯೂ ಒಂದೇ ಜಾತಿಯದು.

ಪತ್ರಿಕೆಗಳ ಕಷ್ಟವನ್ನೂ ಅಲ್ಲಗಳೆಯಲಾರೆ. ಜಾಹೀರಾತಿನ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್‌ಗಳಿಗೆ ಹೋಗಿದೆ. ಓದುಗ ಕೊಡುವ ಬೆಲೆ ಕಾಗದದ ಖರ್ಚಿಗೂ ಸಾಲುವುದಿಲ್ಲ. ಜೋಯಿಡಾ ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು, ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಅಲ್ಲಿಗೊಬ್ಬ ಪೂರ್ಣಾವಧಿ ವರದಿಗಾರನನ್ನು ಇಟ್ಟರೆ ಅವನ ಸಂಬಳದ ಅರ್ಧವೂ ಆ ತಾಲ್ಲೂಕಿನ ಮಾರಾಟದಿಂದ ಹುಟ್ಟಲಾರದು. ಎಲ್ಲ ತಾಲ್ಲೂಕಿಗೂ ಸಿಬ್ಬಂದಿ ಬೇಕು ಎಂದು ಹೇಳುವುದು ಸುಲಭ, ಆಗುವ ಮಾತಲ್ಲ. ಶಿರಸಿಯ ‘ಲೋಕಧ್ವನಿ’, ಕಾರವಾರದ ‘ಕರಾವಳಿ ಮುಂಜಾವು’ ಮೊದಲಾದ ಜಿಲ್ಲಾ ಪತ್ರಿಕೆಗಳಿಗಂತೂ ಪ್ರತಿ ರೂಪಾಯಿಯೂ ಲೆಕ್ಕವೇ. ವೃತ್ತಿಯ ಬಗ್ಗೆ ಪ್ರೀತಿ ಇರುವುದರಿಂದಲೇ ಅವು ಉಳಿದಿವೆ.

ಆದ್ದರಿಂದ ಹೊರಗಿನವರನ್ನು ನೆಚ್ಚಬಹುದೇ ಎಂದು ಕೇಳಿದರೆ ನನ್ನ ಉತ್ತರ: ನೆಚ್ಚಬಹುದು, ಆದರೆ ಈಗಿನ ಕರಾರಿನಲ್ಲಿ ಅಲ್ಲ. ಪುರವಣಿ, ಅಂಕಣ, ಕೃಷಿ, ಕಲೆ, ಊರಿನ ದೈನಂದಿನ ಸುದ್ದಿ ಇವೆಲ್ಲ ಅವರ ಕೈಯಲ್ಲಿ ಸುರಕ್ಷಿತ, ಎಷ್ಟೋ ಸಲ ಸಿಬ್ಬಂದಿಗಿಂತ ಚೆನ್ನ. ಅಧಿಕಾರವನ್ನು ಪ್ರಶ್ನಿಸುವ, ತಿಂಗಳುಗಟ್ಟಲೆ ಬೆನ್ನು ಹತ್ತುವ ಕೆಲಸಕ್ಕೆ ಜಿಲ್ಲೆಗೆ ಒಬ್ಬರಾದರೂ ಸಂಬಳದ ವರದಿಗಾರರು ಇರಲೇಬೇಕು, ಅವರ ದಿನಚರಿಯಲ್ಲಿ ಪತ್ರಿಕಾಗೋಷ್ಠಿಗಳೇ ತುಂಬಿರಬಾರದು. ಸ್ಥಳೀಯ ವರದಿಗಾರನ ಕೈಯಿಂದ ಜಾಹೀರಾತಿನ ರಸೀದಿ ಪುಸ್ತಕವನ್ನು ಮೊದಲು ಬಿಡಿಸಬೇಕು, ಅದಕ್ಕೆ ಬೇರೆ ಏಜೆಂಟ್ ಇರಲಿ. ಅಚ್ಚಾದ ಅಳತೆಗೆ ಬದಲು ತಿಂಗಳಿಗೊಂದು ನಿಶ್ಚಿತ ಮೊತ್ತ ಬರಲಿ, ಸಣ್ಣದಾದರೂ ಸರಿ. ಡೆಸ್ಕ್ ಹೇಳಿ ಮಾಡಿಸಿದ ವರದಿ ಅಚ್ಚಾಗದಿದ್ದರೂ ಓಡಾಟದ ಖರ್ಚು ಸಲ್ಲಬೇಕು. ಆತ ಬರೆದು ಸಂಪಾದಕರು ಒಪ್ಪಿ ಹಾಕಿದ ವರದಿಗೆ ಮೊಕದ್ದಮೆ ಬಿದ್ದರೆ ವಕೀಲರ ಖರ್ಚು ಸಂಸ್ಥೆಯದು ಎಂಬ ಒಂದು ಸಾಲು ಸಂಪಾದಕರ ಸಹಿಯೊಂದಿಗೆ ಅವನ ಮನೆಯ ಪೆಟ್ಟಿಗೆಯಲ್ಲಿ ಇರಬೇಕು. ಇದರಲ್ಲಿ ಹಲವಕ್ಕೆ ಹೆಚ್ಚು ಹಣ ಬೇಡ. ಆ ಕೊನೆಯ ಸಾಲು ಬರೆದುಕೊಡಲು ಒಂದು ಲೆಟರ್‌ಹೆಡ್ ಸಾಕು, ಮುಂದಿನ ಗ್ರಾಮಸಭೆಯ ವರದಿ ಕೇಳುವ ಮೊದಲೇ ಅದನ್ನು ಕಳಿಸಬಹುದು.